ಸದ್ಯಕ್ಕೆ

ಮನೆ ಕಟ್ಟಿ ನೋಡು ಅಂದವರು
ಕೊಂಡು ನೋಡು ಅನ್ನುವುದನ್ನು ಮರೆತರು.

ಸೇಂಟ್ ಜಾನ್ಸ್ ಊರಿನ ಇಳಿಜಾರು ಬೀದಿಯಲ್ಲಿ
ಭುಜಕ್ಕೆ ಭುಜ ಆನಿಸಿ ನಿಂತ ಮರದ ಮನೆಗಳು.
ಸಾಸಿವೆ ಹಳದಿಯದು ಎಫಿ ಪಾರ್ಡಿಯದು,
ನವೆಂಬರ್ ಮೂರರಿಂದ. ಅಂದರೆ
ಅವಳದು, ಲಿಯಾಂಡರನದು,
ಇನ್ನು ಇಪ್ಪತ್ತೈದು ವರ್ಷ ಬ್ಯಾಂಕಿನದು.

ಹದಿನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿ ಕೂಡಿಟ್ಟ ದುಡ್ಡು.
ಇದೇ ಬೀದಿಯ ಕೊನೆಗೆ ಕೆಂಪು ದೀಪಕ್ಕೆ ನಿಂತಾಗ
ಯಾರದೋ ಅಡುಗೆಮನೆಯಲ್ಲಿ ಯಾರೋ
ಕೆಟಲಿಗೆ ನೀರು ತುಂಬುವುದನ್ನು ನೋಡುತ್ತಿದ್ದಳು,
ದಿನಕ್ಕೆ ಎಂಟು ಸಲ.

ಮನೆ ಪರೀಕ್ಷೆಗೆ ಬಂದವನು ಹದಿನೇಳು ಪುಟ ಬರೆದಿದ್ದ.
ಕೊನೆಯ ಸಾಲು: 'ವಯಸ್ಸಿಗೆ ತಕ್ಕ ಸ್ಥಿತಿ.'
ಎಫಿ ಅದನ್ನು ಹೊಗಳಿಕೆ ಅಂದುಕೊಂಡಳು.
ಅಜ್ಜಿಯ ಬಗ್ಗೆಯೂ ಡಾಕ್ಟರು ಹಾಗೇ ಅಂದಿದ್ದರು,
ಹೋಗುವ ಹಿಂದಿನ ವಾರ.

ಒಂಬತ್ತನೆಯ ದಿನ
ನೆಲಮಾಳಿಗೆಯ ಫರ್ನೇಸ್ ಮೂರು ಸಲ ಕೆಮ್ಮಿ ಸುಮ್ಮನಾಯಿತು.
ಸೋಫಾಕ್ಕೆಂದು ಇಟ್ಟದ್ದು ಅಲ್ಲಿಗೆ ಹೋಯಿತು.
ಹತ್ತೊಂಬತ್ತನೆಯ ದಿನ ಅಡುಗೆಮನೆಯ ಗೋಡೆ ಬೆವರಿತು,
ಮೊದಲು ನಾಣ್ಯದಷ್ಟು,
ಸಂಜೆಗೆ ತಟ್ಟೆಯಷ್ಟು.
ಏಡಿ ದೋಣಿಯಲ್ಲಿ ದುಡಿಯುವ ಲಿಯಾಂಡರ್
ಒದ್ದೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದ.
ಒಂದು ವಾರಕ್ಕೆ ಗೋಡೆಯ ಮೇಲೆ ಕೊಲ್ಲಿ, ಭೂಶಿರ, ಒಂದು ದ್ವೀಪ.

ರಾತ್ರಿ, ಕೋಟು ತೊಟ್ಟೇ ಮಲಗಿ:
ನೀನೇ ಈ ಬಣ್ಣಕ್ಕೆ ಮರುಳಾದೆ.
ನೀನೇ ಅಂದೆ, ಈ ಬೆಲೆಗೆ ಇನ್ನೆಲ್ಲಿ ಅಂತ.
ಬಾಡಿಗೆ ಮನೆಯಲ್ಲಾದರೆ ಇಂಥ ಹೊತ್ತಿಗೆ
ಬಯ್ಯಲಿಕ್ಕೆ ಒಬ್ಬ ಮಾಲೀಕನಿದ್ದ.
ಅಭ್ಯಾಸಬಲದಿಂದ ಎಫಿ ಫೋನು ಎತ್ತಿಕೊಂಡಳು.
ಮಾಲೀಕರ ನಂಬರು ಅವಳದೇ.

ಬೆಳಿಗ್ಗೆ ಬಂದ ಗಸ್ ಟೋಬಿನ್, ಎಪ್ಪತ್ತರ ಪ್ಲಂಬರ್,
ಗೋಡೆಗೆ ಕಿವಿಯಿಟ್ಟು 'ನೋಡೋಣ' ಅಂದ.
ಆ ಒಂದು ಮಾತಿಗೆ ನೂರಿಪ್ಪತ್ತು ಡಾಲರ್.
ಆಮೇಲೆ ಗೋಡೆ ಬಿಚ್ಚಿದ:
ಗುಲಾಬಿಯ ಕಾಗದ, ಅದರಡಿ ಹಡಗಿನ ಕಾಗದ,
ಕಂದು ಪಟ್ಟೆ, ಮತ್ತೆ ಗುಲಾಬಿ,
ಬೂಷ್ಟು ಹಿಡಿದ ಹಳೆಯ ಪತ್ರಿಕೆಯಲ್ಲಿ ಮೀನಿನ ಧಾರಣೆ,
ಅದರ ಹಿಂದೆ ಪೈಪು.
ಪೈಪಿಗೆ ಸುತ್ತಿದ ಸೈಕಲ್ ಟ್ಯೂಬು,
ಟ್ಯೂಬಿನ ಮೇಲೆ ಉಣ್ಣೆಯ ಒಂಟಿ ಕಾಲುಚೀಲ,
ಚೀಲದ ಮೇಲೆ ಮೊಳೆ ಹೊಡೆದ ತಂಬಾಕಿನ ಡಬ್ಬಿಯ ಮುಚ್ಚಳ.
ಪಕ್ಕದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ,
ಒತ್ತಿ ಬರೆದ ದೊಡ್ಡ ಅಕ್ಷರ:
ಸದ್ಯಕ್ಕೆ. ಬೇಸಿಗೆಗೆ ಸರಿಮಾಡುವುದು. ಮಾರ್ಚ್ 1961.

ಗಸ್ ಕೆಮ್ಮು ಬರುವವರೆಗೂ ನಕ್ಕ.
ಆಮೇಲೆ ಕಾಲುಚೀಲದ ಹಿಮ್ಮಡಿ ಹಿಂಡಿ ನೋಡಿ
'ಹೆಣೆದವಳ ಕೈ ಗಟ್ಟಿ' ಅಂದ, ತನಗೆ ತಾನೇ.

ಎಫಿಗೆ ಸಿಟ್ಟು ಬರಬೇಕಿತ್ತು.
ಯಾರ ಮೇಲೆ?
ಅರವತ್ತಕ್ಕೂ ಮಿಕ್ಕಿ ಬೇಸಿಗೆಗಳು
ಈ ಗೋಡೆಯ ಆಚೆ ಬಂದು ಹೋಗಿವೆ.
ಒಂದರಲ್ಲಿ ಮೀನು ಸಿಕ್ಕಿರಲಿಕ್ಕಿಲ್ಲ,
ಒಂದರಲ್ಲಿ ಕೂಸು ಹುಟ್ಟಿರಬೇಕು,
ಒಂದರಲ್ಲಿ, ಏನಿಲ್ಲ, ಮರೆತೇ ಹೋಗಿರಬೇಕು,
ಸೋರದ ಪೈಪು ಯಾರಿಗೆ ನೆನಪಾಗುತ್ತದೆ?

ಹೊಸ ತಾಮ್ರದ ಪೈಪಿಗೆ ನಾಲ್ಕು ಸಾವಿರದ ಇನ್ನೂರು.
ಗಾರೆಗೆ ಏನೂ ಉಳಿಯಲಿಲ್ಲ.
ಲಿಯಾಂಡರ್ ಪ್ಲೈವುಡ್ ತುಂಡೊಂದು ತಂದು
ಕಂಡಿಗೆ ಅಡ್ಡ ಹಿಡಿದ. ಎಫಿ ಮೊಳೆ ಹೊಡೆದಳು,
ಎರಡು ಸೊಟ್ಟಗಾದವು.
ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತಾರೀಕು ಬರೆದಳು,
ಬೇಸಿಗೆ ಅನ್ನುವ ಪದದ ಮುಂದೆ ನಿಂತಳು,
ಬರೆಯಲಿಲ್ಲ. ಅಳಿಸಲೂ ಇಲ್ಲ.

ಮರುದಿನ ಬೆಳಗಿನ ಮೊದಲ ಪಾಳಿ, ಹಿಮ, ಕೆಂಪು ದೀಪ.
ಸಾಸಿವೆ ಹಳದಿ ಮನೆಯ ಕಿಟಕಿಯಲ್ಲಿ
ಟೊಪ್ಪಿಗೆ ಹಾಕಿಕೊಂಡ ಗಂಡಸೊಬ್ಬ
ಕೆಟಲಿಗೆ ನೀರು ತುಂಬುತ್ತಿದ್ದ.
ನಲ್ಲಿ ತಿರುಗಿಸಿ, ಬಾಗಿ, ಗೋಡೆಗೆ ಕಿವಿಯಿಟ್ಟ.

ಹಸಿರಾದದ್ದನ್ನು
ಹಿಂದಿನ ಕಾರು ಹೇಳಬೇಕಾಯಿತು.