ಅರಿವಿ ಕೋಲಿನ ಕಿಮ್ಮತ್ತು

ಸೂಪರ್ ಮಾರ್ಕೆಟ್ಟಿನ ಹಿಂದ ಎಂಟು ಮೆಟ್ಟಿಲಿಳಿದರ
ನಮ್ಮ ಪೂಲ್ ಪಾರ್ಲರು. ಹೊರಗ ಕಲಬುರಗಿಯ ಮೇ ತಿಂಗಳು,
ಒಳಗ ಮೂರು ಹಸಿರು ಮೇಜು, ಗೊರಕಿ ಹೊಡಿಯೋ ಕೂಲರು,
ಮೂಲ್ಯಾಗ ನಾನು, ಮುರಿದ ಕೋಲಿಗೆ ಅಂಟು ಹಾಕಾಂವ.

ಹುಸೇನಬಿ ಶಹಾಬಾದಿನ ಬಸ್ಸಿಳಿದು ಬಂದಳು.
ಲುಂಗ್ಯಾಗ ಸುತ್ತಿದ್ದು ಬಿಚ್ಚಿ ನನ್ನ ಮುಂದ ಇಟ್ಟಳು.
"ಕಿಮ್ಮತ್ತು ಹೇಳಪ್ಪ ಅಂಬಣ್ಣ. ಖರೇ ಹೇಳಬೇಕು."

ತುದಿಯಿಂದ ಗೇಣು ಕೆಳಗ ಹಗ್ಗ ತಿಂದ ಗಾಯ.
"ಅರಿವಿ ಒಣಹಾಕೋ ಹಗ್ಗಕ್ಕ ಆಸರ ಕೊಟ್ಟಿದ್ದೆ,
ಇಪ್ಪತ್ತಾರು ವರ್ಷ."
ಆಡೋ ಹುಡುಗರು ನಕ್ಕರು.
ನಾ ನಗಲಿಲ್ಲ. ಕೈಗೆ ಬಂದ ಕೂಡಲೆ
ಅದರ ಭಾರ ಹಿಂದಕ್ಕ ಜಗ್ಗಿತ್ತು,
ನಿದ್ದಿ ಹತ್ತಿದ ಕೂಸಿನ ತಲಿ
ತೋಳಿನ ಮ್ಯಾಲ ಕುಸಿದಂಗ.

ಹಳೇ ಕೋಲು ತರೋರಿಗೆ ನಾ ಮೊದಲು ಹೇಳೋದು,
ಒರೆಸಬ್ಯಾಡ್ರಿ.
ಉಸುಕಿನ ಕಾಗದ ಹಿಡಿದವನ ಕಾಲಬುಡಕ್ಕ
ಅರ್ಧ ಬೆಲಿ ಪುಡಿಯಾಗಿ ಬಿದ್ದಿರತದ.

ಬೆಳಕಿಗೆ ಹಿಡಿದೆ. ಆಶ್ ಕಟ್ಟಿಗಿ. ಗೆರಿ ಒಂದರೊಳಗೊಂದು,
ಕೆರಿ ದಂಡಿಯ ಕೆಸರಾಗ ಕೊಕ್ಕರಿ ನಡೆದು ಹೋದಂಗ.
ಹಿಡಿಕಿ ಎಬನಿ, ನೀರಾಗ ಹಾಕಿದರ ಮುಳುಗೋ ಕರಿ.
ಕರಿ ಬಿಳಿಯೊಳಗ ಚುಚ್ಚಿಕೊಂಡ ನಾಲ್ಕು ಚೂಪು
ಒಂದಕ್ಕೊಂದು ಕೂದಲೆಳಿ ಹೆಚ್ಚುಕಮ್ಮಿ.
ಅಂದರ ಕೈಯಿಂದ ಕೂಡಿಸಿದ್ದು.
ಮಷಿನ್ನು ತಪ್ಪಂಗಿಲ್ಲ, ಅದಕ್ಕ ಅದರ ಕೆಲಸ ಅಗ್ಗ.

ಹಿಡಿಕಿ ಮ್ಯಾಲಿನ ಹಳದಿ ಬಿಲ್ಲಿಯ ಹೆಸರು ಅಳಿಸಿತ್ತು,
ಕಡೀ ಎರಡು ಅಕ್ಷರ ಮಾತ್ರ ಅಂಟಿಕೊಂಡಿದ್ದವು.
ದಂತ ಏನ? ಹೆಬ್ಬೆಟ್ಟಿಲೆ ತಿಕ್ಕಿ ಮೂಸಿದೆ.
ಕರ್ಪೂರ.
ಅಲ್ಲ ಬಿಡು, ಸೆಲ್ಯುಲಾಯ್ಡು. ಆನಿ ಯಾವುದೂ ಸತ್ತಿಲ್ಲ ಇದಕ್ಕ.

ಹಸಿರಿನ ಮ್ಯಾಲ ಉರುಳಿಸಿದೆ.
ನಡುವ ಒಂದು ಸಣ್ಣ ಜಿಗಿತ. ಮತ್ತ ಉರುಳಿಸಿದೆ. ಮತ್ತ ಜಿಗಿತ.
ಹಸೀ ಸೀರಿ ಹಸೀ ಚಾದರ ಜಗ್ಗಿ ಜಗ್ಗಿ
ಕೂಡಿಸಿದ ಬಾಗು.
"ನೆಟ್ಟಗಿದ್ದಿದ್ದರ ಹದಿನೆಂಟು ಸಾವಿರ ಅಮ್ಮ.
ಈಗ ಆರು. ಹೈದ್ರಾಬಾದಿನಾಗ ತಗೊಳೋರು ಅದಾರ,
ಇಲ್ಲೇ ಕುಂತು ಫೋನ್ ಮಾಡ್ತೀನಿ."

ಆಕಿ ಫೋನಿನ ಕಡೆ ನೋಡಲಿಲ್ಲ.
ಬುಡದಾಗ ಚಾಕುಲೆ ಕೊರೆದ ಗೀರಿದ್ದವು, ಅವನ್ನ ಬೆರಳಿಲೆ ಎಣಿಸಿದಳು.
ಗೆದ್ದ ಆಟದ ಲೆಕ್ಕ ಅಂತ ನಾ ತಿಳದಿದ್ದೆ.

"ನಮ್ಮ ಲಾಡ್ಲೇಸಾಬ ಕ್ಲಬ್ಬಿನಾಗ ಮಾರ್ಕರ್.
ಸಾಹೇಬರು ಹೊಡೀತಿದ್ದರು, ಇವ ಅವರ ಅಂಕಿ ಕೂಗ್ತಿದ್ದ.
ಕ್ಲಬ್ಬು ಮುಚ್ಚಿದಾಗ ಹನ್ನೊಂದು ತಿಂಗಳ ಪಗಾರ ಬಾಕಿ.
ಸೆಕ್ರೆಟ್ರಿ ಇದನ್ನ ಕೈಗಿಟ್ಟು ಲೆಕ್ಕ ಚುಕ್ತಾ ಅಂದ.
ಇವ ಹೂಂ ಅಂದು ಬಂದ!
ತಿಂಗಳಿಗೆ ನಾಲ್ಕೂನೂರಾ ಐವತ್ತು. ಕೂಡಿಸು."

ಕೂಡಿಸಿದೆ. ನಾಲ್ಕು ಸಾವಿರದ ಒಂಬೈನೂರಾ ಐವತ್ತು.

"ಹಂಗಾದರ ಸಾವಿರದ ಐವತ್ತು ಹೆಚ್ಚೇ ಸಿಕ್ಕದ."
ಬಾಯಿಗೆ ಸೆರಗು ಹಚ್ಚಿಕೊಂಡಳು,
ಕಣ್ಣು ಅಳತಿದ್ದವೋ ನಗತಿದ್ದವೋ ಆ ಬೆಳಕಿನಾಗ ತಿಳೀಲಿಲ್ಲ.
"ಮೋಸ ಹೋದಿ, ಮಳ್ಳ ಅದಿ ಅಂತ
ಮಣ್ಣು ಕೊಡೋ ತನಕ ಬೈದೀನಿ ಅವಗ."

ಇಪ್ಪತ್ತಾರು ವರ್ಷದ ಬಡ್ಡಿ
ನನ್ನ ನಾಲಿಗಿ ತುದಿಗೆ ಬಂದು ನಿಂತಿತ್ತು.
ಉಗುಳಿನ ಜೋಡಿ ನುಂಗಿದೆ.

"ಮಾರ್ತೀರೇನು?"
"ಅರಿವಿ ನಿನ್ನ ತಲಿ ಮ್ಯಾಲ ಹರವಲೇನು?
ಫರಸಿ ಮ್ಯಾಲ ಜಾರ್ತದ ಇದು. ತುದಿಗೆ ತೊಗಲು ಹಚ್ಚಿಕೊಡು.
ಎಷ್ಟಾಗ್ತದ?"

ಡಬ್ಬಿ ತಳದಾಗ ಉಳಿದಿದ್ದ ಛಲೋ ತೊಗಲು ಹುಡುಕಿದೆ,
ಪಂದ್ಯದ ದಿನ ಹುಡುಗರು ಬೇಡಿದರೂ ಕೊಡದ್ದು.
ಹಿತ್ತಾಳಿ ಬಳಿ ಬಿಸಿ ಮಾಡಿ ಹಳೇ ಸರೇಸು ಕೆರೆದು
ಅಂಟಿಸಿ ಹೆಬ್ಬೆರಳಿಲೆ ಒತ್ತಿ ಹಿಡಿದೆ.
ಅರವತ್ತು ರೂಪಾಯಿ ಎಣಿಸಿ ಕೊಟ್ಟಳು, ಚಿಲ್ಲರ ಸೇರಿಸಿ.
ರೂಢಿ ನೋಡ್ರಿ, ಕೊಡೋ ಮುಂದ ತುದಿಗೆ ನೀಲಿ ಸುಣ್ಣನೂ ಹಚ್ಚಿಬಿಟ್ಟೆ.

ಎಂಟು ಮೆಟ್ಟಿಲು. ಊರಿಕೋತ ಹತ್ತಿದಳು.
ಪ್ರತಿ ಮೆಟ್ಟಿಲಿಗೆ ಒಂದು ನೀಲಿ ಚುಕ್ಕಿ.
ಹುಡುಗರು ಆಟ ನಿಲ್ಲಿಸಿ ನೋಡ್ತಿದ್ದರು,
ಯಾರೂ ಅಂಕಿ ಕೂಗಲಿಲ್ಲ.