ನೀರಿನ ಮೇಲೆ ಬಂದ ಮನೆ

ಡಾರ್ಕಸ್ ಪಾರ್ಡಿ ಟಿಲ್ಲರ್ಸ್ ಕೋವಿಗೆ ನಡೆದು ಬಂದವಳಲ್ಲ,
ಮನೆಯೊಳಗೆ ಕೂತೇ ಬಂದವಳು.
ಆಗ ಹನ್ನೊಂದು ವರ್ಷ. ಆಚೆ ದ್ವೀಪ ಖಾಲಿ ಮಾಡಿ ಎಂದಿತ್ತು ಸರಕಾರ;
ಅವಳಪ್ಪ ಮನೆಯ ಬುಡಕ್ಕೆ ಎಣ್ಣೆಪೀಪಾಯಿ ಕಟ್ಟಿ
ಆರು ದೋಣಿ ಹೂಡಿ ಎಳೆಸಿದ, ಕೊಲ್ಲಿಯ ಉದ್ದಕ್ಕೂ.
ಕಿಟಕಿಯಲ್ಲಿ ಪರದೆ ಹಾಗೇ ಇತ್ತಂತೆ.
ಒಲೆ ಆರಿಸಲು ಅವಳಮ್ಮ ಒಪ್ಪಲಿಲ್ಲವಂತೆ.
“ನಡುನೀರಲ್ಲಿ ಚಹಾ ಕುಡಿದೆ, ತುಳುಕಲಿಲ್ಲ”
ಇದನ್ನು ಅರವತ್ತು ವರ್ಷ ಹೇಳಿದಳು,
ಒಂದೊಂದು ಸಲ ದೋಣಿಗಳು ಎಂಟಾಗುತ್ತಿದ್ದವು.

ಈಜು ಬಾರದು. ಇಲ್ಲಿ ಯಾರಿಗೂ ಬಾರದು.
ನ್ಯೂಫೌಂಡ್‌ಲ್ಯಾಂಡಿನ ಈ ನೀರಿಗೆ ಬಿದ್ದವನಿಗೆ ಈಜು ಬಂದರೆ
ಸಾಯುವುದು ತಡವಾಗುತ್ತದೆ, ಅಷ್ಟೆ.

ಅವಳ ಅಡುಗೆಮನೆಗೆ ಹೊಂದಿದ ಕೋಣೆಯೇ ಅಂಚೆ.
ಮೂವತ್ತೆಂಟು ಮನೆ, ಮೂವತ್ತೆಂಟು ಗೂಡು.
ಯಾರ ಕಾಗದ ತೆರೆದರೂ ಬ್ರೆಡ್ಡಿನ ವಾಸನೆ.
ಯಾರ ಕೈಬರಹ ಯಾವಾಗ ನಡುಗತೊಡಗಿತು
ಎಂಬುದು ವೈದ್ಯರಿಗಿಂತ ಮೊದಲು ಅವಳಿಗೆ ಗೊತ್ತು.
ಬಾಯಿ ಬಿಡುತ್ತಿರಲಿಲ್ಲ. ಜೌಗಿನ ಹಣ್ಣಿನ ಒಂದು ಬಾಟಲಿ ಜಾಮು
ಆ ಮನೆಯ ಮೆಟ್ಟಿಲ ಮೇಲಿರುತ್ತಿತ್ತು.

ದೇವತೆಯೇನಲ್ಲ. ಇಸ್ಪೀಟಿನಲ್ಲಿ ಮೋಸ,
ಪಾದ್ರಿ ಎದುರು ಕೂತಿದ್ದರೂ ಮೋಸ.
ಅಣ್ಣ ಅಬ್ಸಲಮ್ ಜತೆ ಒಂದು ಬೇಲಿಯ ವಿಷಯಕ್ಕೆ
ಹದಿನಾರು ವರ್ಷ ಮಾತಿಲ್ಲ;
ಅವನ ಪಿಂಚಣಿಯ ಲಕೋಟೆಯನ್ನು ಮಾತ್ರ
ಮೊಣಕಾಲುದ್ದ ಹಿಮದಲ್ಲೂ ತಾನೇ ಒಯ್ದು
ಬಾಗಿಲಿನಡಿ ತೂರಿ,
ಒಮ್ಮೆ ಕೆಮ್ಮಿ, ಬರುತ್ತಿದ್ದಳು.

ಮೀನು ಹಿಡಿಯಕೂಡದೆಂದು ಆಜ್ಞೆ ಬಂದ ವರ್ಷ
ಕೈ ಎಲ್ಲಿಡಬೇಕೆಂದು ತಿಳಿಯದೆ ಊರಿಗೂರೇ ನಿಂತಿತ್ತು.
ಗಂಡಸರು ದಕ್ಕೆಗೆ ಹೋಗುವರು, ಹಗ್ಗ ಮುಟ್ಟುವರು, ಬರುವರು.
ಡಾರ್ಕಸ್ ಆಗ ಹಟ ಹಿಡಿದಳು:
ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದು ಗೂಡು ನೋಡಬೇಕು.
“ಏನೂ ಬಂದಿಲ್ಲವಲ್ಲ ಡಾರ್ಕಸ್, ಯಾಕೆ ಸುಮ್ಮನೆ?”
“ಬಂದಿಲ್ಲ ಅಂತ ನೋಡೋಕೆ ಬನ್ನಿ.”
ನನ್ನಪ್ಪ ಹೋಗುತ್ತಿದ್ದ, ಗಡ್ಡ ಹೆರೆದು, ಅಂಗಿ ಬದಲಿಸಿ,
ಖಾಲಿ ಗೂಡಿನಲ್ಲಿ ಕೈಯಾಡಿಸಿ
ಒಂದು ಲೋಟ ಚಹಾ ಕುಡಿದು ಬರುತ್ತಿದ್ದ.
ಆ ಚಳಿಗಾಲ ಅವನು ಉಳಿದದ್ದು ಅದರಿಂದಲೇ
ಎಂದು ನಾನು ಸಾಬೀತು ಮಾಡಲಾರೆ.

ಈ ಮಾರ್ಚಿನಲ್ಲಿ ಹೋದಳು.
ಕೊಲ್ಲಿ ತುಂಬ ಮಂಜುಗಡ್ಡೆ; ಲಾಂಚಿಲ್ಲ, ಪಾದ್ರಿಯಿಲ್ಲ, ಐದು ದಿನ.
ತಣ್ಣಗಿನ ಮುಂಗೋಣೆಯಲ್ಲಿ ಅವಳನ್ನಿಟ್ಟು ಕದ ಹಾಕಿದೆವು.
ಅಡುಗೆಮನೆಯ ಒಲೆ ಆರಿಸಲಿಲ್ಲ; ಯಾರೂ ಹೇಳಿರಲಿಲ್ಲ,
ಉಳಿದ ಹನ್ನೊಂದು ಮನೆಯವರು ಸರದಿಯಲ್ಲಿ ಸೌದೆ ಹಾಕಿದರು.
ಗೂಡುಗಳಲ್ಲಿ ಮೂವತ್ತೆಂಟೂ ಹೆಸರು ಹಾಗೇ ಇದ್ದವು,
ಊರು ಬಿಟ್ಟವರದು, ನೆಲ ಸೇರಿದವರದು, ನನ್ನಪ್ಪನದು.
ಅಂಟು ಒಣಗಿದ್ದಕ್ಕೆ ಹೊಸ ಅಂಟು.

ನಾಲ್ಕನೆಯ ರಾತ್ರಿ ಅಬ್ಸಲಮ್ ಬಂದ,
ಟೋಪಿ ತೆಗೆಯಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ.
ಮುಂಗೋಣೆಯ ಕದದ ಮುಂದೆ ಎಷ್ಟೋ ಹೊತ್ತು ನಿಂತ.
ಸೊಂಟ ಹಿಡಿದುಕೊಂಡು ಬಗ್ಗಿ
ಅಡಿಯಿಂದ ಒಂದು ಲಕೋಟೆ ತೂರಿಸಿದ.
ಕೆಮ್ಮಿದ.

ಅದನ್ನು ನಾವು ತೆರೆಯಲಿಲ್ಲ.
ಇನ್ನೊಬ್ಬರ ಅಂಚೆ ಒಡೆಯುವುದು ಅಪರಾಧ
ಎಂದು ಮಕ್ಕಳಾಗಿದ್ದಾಗ ನಮ್ಮ ಕೈಗೆ ಹೊಡೆದು ಕಲಿಸಿದವಳು ಅವಳೇ.
ಪೆಟ್ಟಿಗೆಯೊಳಗೆ, ಅವಳ ಬಲಗೈ ಪಕ್ಕ ಇಟ್ಟೆವು.
ಅಂಚೆಚೀಟಿ ಹಚ್ಚಿರಲಿಲ್ಲ ಅವನು.
ಅವಳಿದ್ದಿದ್ದರೆ ಅದಕ್ಕೂ ಜಗಳ ತೆಗೆಯುತ್ತಿದ್ದಳು.