ಪಟ್ಟಿಯ ಹಿಂಬದಿ

ಬಿಸ್ಕತ್ತಿನ ಡಬ್ಬಿ ತೆರೆದು, ಬಟ್ಟೆಯ ಗಂಟು ಬಿಚ್ಚಿ
ಗಾಜಿನ ಮೇಲೆ ಒಂದೊಂದೇ ಇಟ್ಟರು
ಮಾಸ್ಟರ್ ಚೀಫ್ ಇನ್ನಾಸಪ್ಪ, ಬಗ್ಲರ್, ನೌಕಾಪಡೆ,
ಈಗ ಮರ್ಫಿ ಟೌನು, ನಲ್ಲಿಯ ಎದುರು ಮನೆ.
ಏಳು ಪದಕ. ಪಟ್ಟಿಗಳು ಬಣ್ಣ ಬಿಟ್ಟು
ಒಗೆದೊಗೆದು ಸವೆದ ಲುಂಗಿಯಂತಾಗಿದ್ದವು.

"ಡಿಸೆಂಬರ್ ನಾಲ್ಕಕ್ಕೆ ಬೇಕು ಸಾಬ್ರೇ."

ರಸೆಲ್ ಮಾರ್ಕೆಟ್ಟಿನ ಬೆನ್ನಿಗಿರುವ ಈ ಅಂಗಡಿ
ಅಬ್ಬಾನ ಕಾಲದಿಂದ ಪಟಾಲಮ್ಮಿನ ಎದೆಗಳಿಗೇ ಹೊಲಿದದ್ದು.
ಯಾವುದು ಮೊದಲು, ಯಾವುದು ಅದರ ಪಕ್ಕ
ಕರೆಂಟು ಹೋದರೂ ಬೆರಳೇ ಹೇಳುತ್ತದೆ:
ಎಪ್ಪತ್ತೊಂದರ ನಕ್ಷತ್ರ. ಅದೇ ಯುದ್ಧದ ದುಂಡು ಪದಕ.
ಸ್ವಾತಂತ್ರ್ಯಕ್ಕೆ ಇಪ್ಪತ್ತೈದಾದಾಗ ಒಂದು, ಐವತ್ತಾದಾಗ ಒಂದು.
ಮತ್ತೆ ಒಂಬತ್ತು ವರ್ಷಕ್ಕೆ, ಇಪ್ಪತ್ತಕ್ಕೆ, ಮೂವತ್ತಕ್ಕೆ,
ಬಿಟ್ಟುಹೋಗದೆ ಇದ್ದುದಕ್ಕೆ.

"ಯುದ್ಧದಲ್ಲೂ ಊದಿದಿರಾ?"
"ಯುದ್ಧದಲ್ಲಿ ಯಾರು ಊದಿಸ್ತಾರೆ?
ಬ್ಯಾಂಡಿನವರು ಸ್ಟ್ರೆಚರ್ ಹೊರಬೇಕು.
ಮುಗಿದ ಮೇಲೆ ಊದಿದೆ."

ನಕ್ಕಾಗ ಕಂಡಿತು, ಮುಂದಿನ ನಾಲ್ಕು ಹಲ್ಲಿಲ್ಲ.
ಮೇಲ್ತುಟಿಯ ನಡುವೆ ಅರ್ಧ ಉಂಗುರದ ಗುರುತು,
ಹಿಟ್ಟಿಗೆ ನಾಣ್ಯ ಒತ್ತಿ ತೆಗೆದಂತೆ.
ಬಗಲ್‌ಗೆ ಗುಂಡಿಯಿಲ್ಲ, ತೂತಿಲ್ಲ,
ಇರುವ ಐದೇ ಸ್ವರ ತುಟಿಯಲ್ಲೇ ಹುಟ್ಟಬೇಕಂತೆ.
ಹದಿನೇಳರ ಹುಡುಗ ಕೊಲಾಬಾದ ಗೋಡೆಗೆ ನಿಂತು
ಅಲೆಯ ಸದ್ದು ಮೀರುವ ತನಕ ಊದಿದರಂತೆ,
ಉಪ್ಪುಗಾಳಿಗೆ ತುಟಿ ಒಡೆದು, ರಕ್ತ ನೆಕ್ಕಿ, ಮತ್ತೆ.

ನಾನು ದಾರದ ತುದಿ ಒದ್ದೆ ಮಾಡಿ ಸೂಜಿಗೆ ಹಿಡಿದೆ.
"ನಿಮ್ಮದೂ ತುಟಿಯ ಕಸುಬೇ" ಅಂದರು.

ಸಂಜೆ ಹಲಸೂರಿನ ಸ್ಯಾಪರ್ಸ್ ಕಡೆಯಿಂದ
ಮನೆಗೆ ಬಗಲ್ ಕೇಳಿಸುತ್ತದೆ. ಒಮ್ಮೊಮ್ಮೆ
ಮೆಟ್ರೋ ಬಂದು ಕೊನೆಯ ಸ್ವರ ಎತ್ತಿಕೊಂಡು ಹೋಗುತ್ತದೆ.
"ಹೊಸ ಹುಡುಗ. ತಿಂದು ಬಂದು ಊದ್ತಾನೆ,
ಗಾಳಿ ಭಾರ."

ಎದ್ದು ಹೊರಟವರು ತಿರುಗಿ ಬಂದು
ಜೇಬಿನಿಂದ ದಿನಸಿ ಚೀಟಿಯಂಥದ್ದೊಂದು ತೆಗೆದರು.
ಉದ್ದಕ್ಕೂ ತಾರೀಖು, ಹೆಸರಿಲ್ಲ.
ಹೆಣದ ಪೆಟ್ಟಿಗೆಯ ಪಕ್ಕ ನಿಂತು ಊದಿದ ದಿನಗಳು.
ನಲವತ್ತಮೂರು.
"ಇದಕ್ಕೆ ಪದಕ ಕೊಡೋದಿಲ್ಲ. ಕೊಡಬಾರದು ಕೂಡ.
ಹಿಂದೆ, ಕಾಣದ ಕಡೆ, ಒಂದಕ್ಕೊಂದು ಹೊಲಿಗೆ ಹಾಕ್ತೀರಾ?"

ಕಪ್ಪು ದಾರದಲ್ಲಿ ನಲವತ್ತೆರಡು ಹಾಕಿದೆ.
ಒಂದು ಮಾತ್ರ ಕೆಂಪು, ಅವರೇ ತೋರಿಸಿದ್ದು:
ಕೊಚ್ಚಿ, ಜಡಿಮಳೆ, ಮೂರನೆಯ ಸ್ವರ ಒಡೆಯಿತು.
ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹೆಂಗಸು
ತಲೆಯೆತ್ತಿ ಇವರನ್ನು ನೋಡಿದಳು.
"ಬೈದಿದ್ದರೆ ಮರೀತಿದ್ದೆ."

ಕೂಲಿ ಎಷ್ಟೆಂದರು. ಏಳು ಪದಕದ್ದು ಹೇಳಿದೆ.
ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಇಳಿಸಿಯೇ ಕೊಟ್ಟರು.

ಫೆಬ್ರವರಿಯಲ್ಲಿ ಮತ್ತೆ ಬಂದರು, ಅದೇ ಡಬ್ಬಿ.
"ಇನ್ನೊಂದು."
ಅವರ ಬೀದಿಯ ಹುಡುಗ, ಗಂಗುಲಪ್ಪನ ಮಗ,
ಮ್ಯಾನ್‌ಹೋಲಿಗೆ ಇಳಿದವನು ಹತ್ತಿ ಬರಲಿಲ್ಲ.
ಕಲ್ಪಳ್ಳಿಯಲ್ಲಿ ಮಣ್ಣು.
ಕಂಟ್ರಾಕ್ಟರು ಒಂದು ಹಾರ ಕಳಿಸಿದ್ದ, ತಾನು ಬಂದಿರಲಿಲ್ಲ.
"ಬಗಲ್ ತಗೊಂಡು ಹೋದೆ."
"ಹಲ್ಲಿಲ್ಲದೆ ಹೇಗೆ ಊದಿದಿರಿ?"
"ಗಾಳಿ ಬಂತು. ಸ್ವರ ಬರಲಿಲ್ಲ.
ನಿಲ್ಲಿಸಲಿಲ್ಲ ಸಾಬ್ರೇ, ಎಲ್ಲಿ ಉಸಿರು ತಗೋಬೇಕೋ ಅಲ್ಲೇ ತಗೊಂಡು
ಕೊನೇವರೆಗೂ ಊದಿದೆ, ಬರೀ ಗಾಳಿ.
ಮಕ್ಕಳು ನಕ್ಕವು. ಅವರಪ್ಪ ಟೋಪಿ ತೆಗೆದ."

ಪಟ್ಟಿ ಮಗುಚಿದೆ. ಕಪ್ಪು ರೀಲು ಎತ್ತಿಕೊಂಡೆ.
ತಲೆ ಆಡಿಸಿದರು. ಕೆಂಪು ಮುಟ್ಟಿದೆ. ಅದೂ ಅಲ್ಲ.
"ದಾರ ಬೇಡ. ಸೂಜಿ ಮಾತ್ರ."

ಅಭ್ಯಾಸಕ್ಕೆ ತುಟಿ ಒದ್ದೆ ಮಾಡಿಕೊಂಡು
ಬರೀ ಸೂಜಿ ಚುಚ್ಚಿ ತೆಗೆದೆ.